ಒಸ್ತಾಪಜ್ಜನ ಗೇರ್ ಬಾಕ್ಸ್

"ಬೆರಳು ಅದ್ದಿ ನೋಡು," ಎಂದ ಮೆಕ್ಯಾನಿಕ್ ವರ್ನ್.

ಡಾರ್ಕಾ ಡಬ್ಬದಲ್ಲಿದ್ದ ಆಯಿಲ್‌ಗೆ ತೋರುಬೆರಳು ಅದ್ದಿದಳು. ಬೆಳ್ಳಿ ಪುಡಿ ಮೆತ್ತಿಕೊಂಡ ಹಾಗೆ ಬೆರಳು ಮಿನುಗಿತು. ಚೆನ್ನಾಗಿದೆ ಎನ್ನಲು ಹೊರಟವಳು ಅಮ್ಮನ ಮುಖ ನೋಡಿ ಬೆರಳು ಒರೆಸಿಕೊಂಡಳು.

ಅದು ಗೇರುಗಳ ಹಲ್ಲು ಸವೆದು ಉದುರಿದ ಪುಡಿ ಎಂದ ವರ್ನ್. ವರ್ನನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದದ್ದು ಒಸ್ತಾಪಜ್ಜನ ಗೋಧಿ ಲಾರಿಯ ಗೇರ್ ಬಾಕ್ಸ್. ಅಜ್ಜನಿಗೂ ಆ ಲಾರಿಗೂ ನಲವತ್ತು ವರ್ಷದ ನಂಟು. ಡಾರ್ಕಾ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನಿಂದ ಅದು ಅವರ ಹೊಲದ ಗೋಧಿ ಹೊರುತ್ತಿತ್ತು.

ವರ್ನ್ ಅಜ್ಜನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ: "ಎರಡು ದಾರಿ ಇದೆ, ಒಸ್ತಾಪಣ್ಣ. ಇದನ್ನೇ ಪೂರ್ತಿ ಬಿಚ್ಚಿ, ಸವೆದಿರೋದನ್ನೆಲ್ಲಾ ಬದಲಾಯಿಸಿ ಮತ್ತೆ ಕೂಡಿಸೋದು. ಇಲ್ಲಾಂದ್ರೆ ಬೇರೆ ಲಾರಿಯಿಂದ ಬಿಚ್ಚಿದ ಬಾಕ್ಸೇ ತರಿಸಿ ಕೂರಿಸೋದು."

ಬೇರೆ ಬಾಕ್ಸ್ ನಾಲ್ಕು ದಿನದಲ್ಲಿ ಬರುತ್ತದೆ, ಆದರೆ ಅದನ್ನು ಮೊದಲು ಯಾರು ಹೇಗೆ ಓಡಿಸಿದ್ದರೋ ದೇವರಿಗೇ ಗೊತ್ತು. ಅಜ್ಜನ ಬಾಕ್ಸಿನ ಹೊರಮೈ ಕಲ್ಲಿನ ಹಾಗಿದೆ, ಆದರೆ ಒಳಗಿನ ಸಾಮಾನು ಬರಲು ಎರಡು ವಾರ ಬೇಕು. ಕೊಯ್ಲಿಗೆ ಉಳಿದಿರುವುದು ಹತ್ತೇ ದಿನ.

ಅಮ್ಮ ಬೇರೆಯದು ಬರಲಿ ಎಂದಳು. ಅಜ್ಜ ತಲೆ ಅಲ್ಲಾಡಿಸಿ, ನನ್ನ ಬಾಕ್ಸನ್ನು ಗುಜರಿಗೆ ಹಾಕಲು ಬಿಡುವುದಿಲ್ಲ ಎಂದು ಬಾಗಿಲ ಕಡೆ ಹೋದ.

ವರ್ನ್ ಒಂದು ಗೇರನ್ನು ಬೆಳಕಿಗೆ ಹಿಡಿದ. "ಇದು ವಯಸ್ಸಾಗಿ ಸವೆದದ್ದಲ್ಲ. ಹಲ್ಲಿನ ತುದಿ ಮಾತ್ರ ಮುಕ್ಕಾಗಿದೆ ನೋಡು. ಯಾರೋ ಕರಕರ ಅನ್ನಿಸ್ಕೊಂಡೇ ಗೇರ್ ಹಾಕಿದ್ದಾರೆ."

"ನಾನೇ ಇರಬೇಕು," ಎಂದಳು ಅಮ್ಮ ಮೆಲ್ಲಗೆ. "ಹೋದ ವರ್ಷದ ಕೊಯ್ಲಲ್ಲಿ ನಾಲ್ಕು ದಿನ ನಾನು ಓಡಿಸಿದ್ದೆ. ಇನ್ನು ಅದನ್ನ ಮುಟ್ಟಲ್ಲ. ನಮ್ಮಪ್ಪ ಒಬ್ಬನೇ ಓಡಿಸ್ಲಿ."

ಡಾರ್ಕಾ ಅಜ್ಜನ ಕಡೆ ನೋಡಿದಳು. ಅಜ್ಜ ಬಾಗಿಲಲ್ಲಿ ನಿಂತು ಮೋಡ ನೋಡುತ್ತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಅಜ್ಜನ ಕಿವಿ ಎಷ್ಟು ಮಂದವಾಗಿದೆ ಎಂಬುದು ಡಾರ್ಕಾಗೆ ಮಾತ್ರ ಗೊತ್ತಿದ್ದ ಗುಟ್ಟು. ಆ ಹಳೆಯ ಲಾರಿಯಲ್ಲಿ ಎಂಜಿನ್ನಿನ ಸದ್ದು ಇಳಿದು ಸರಿಯಾದ ಜಾಗಕ್ಕೆ ಬರುವ ತನಕ ಕಾಯಬೇಕು, ಆಗ ಗೇರ್ ಬೆಣ್ಣೆಯಂತೆ ಒಳಗೆ ಹೋಗುತ್ತದೆ. ಗೇರ್ ಹಾಕುವುದು ಕೈಯಿಂದಲ್ಲ, ಕಿವಿಯಿಂದ ಎಂದು ಅಜ್ಜನೇ ಹೇಳುತ್ತಿದ್ದ. ಹೋದ ವರ್ಷದಿಂದ ಆ ಸದ್ದು ಅವನಿಗೆ ಸರಿಯಾಗಿ ಕೇಳಿಸುತ್ತಿಲ್ಲ. ಪಕ್ಕದಲ್ಲಿ ಕೂತ ಡಾರ್ಕಾ ಸರಿಯಾದ ಹೊತ್ತಿಗೆ ಅವನ ಮೊಣಕಾಲು ತಟ್ಟುತ್ತಿದ್ದಳು. ಇದು ನಮ್ಮಿಬ್ಬರಲ್ಲೇ ಇರಲಿ ಪುಟ್ಟಿ ಎಂದಿದ್ದ ಅಜ್ಜ. ಅವಳಿಗೂ ಅದು ದೊಡ್ಡ ಹೆಮ್ಮೆ.

ಆದರೆ ಅವಳು ಸ್ಕೂಲಿಗೆ ಹೋದ ದಿನಗಳಲ್ಲಿ ಮೊಣಕಾಲು ತಟ್ಟುವವರು ಯಾರು? ಮುಂದಿನ ವಾರ ಮತ್ತೆ ಸ್ಕೂಲು ಶುರು. ಬೇರೆ ಬಾಕ್ಸ್ ಬಂದರೆ ಅದರ ಹಲ್ಲುಗಳೂ ಪುಡಿಯಾಗುತ್ತವೆ. ಆಗಲೂ ಅಮ್ಮ ತನ್ನದೇ ತಪ್ಪು ಎನ್ನುತ್ತಾಳೇನೋ.

ಆ ಸಂಜೆ ಡಾರ್ಕಾ ಬೀಟ್‌ರೂಟ್ ಸೂಪನ್ನು ಕುಡಿಯದೆ ಕಲಕುತ್ತಲೇ ಇದ್ದಳು. ಅಮ್ಮ ಕೇಳಿದ್ದಕ್ಕೆ ಹಸಿವಿಲ್ಲ ಎಂದಳು.

ಬೆಳಿಗ್ಗೆ ಅಜ್ಜ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ. ಡಾರ್ಕಾ ಅವನ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜ, ಗೇರ್ ಬಾಕ್ಸ್ ಹಾಳಾಗಿದ್ದು ತನ್ನಿಂದ ಅಂತ ಅಮ್ಮ ಅಂದ್ಕೊಂಡಿದ್ದಾಳೆ. ನಿನ್ನೆ ವರ್ನ್ ಹತ್ರ ಹೇಳಿದ್ಲು. ನಿನಗೆ ಕೇಳಿಸ್ಲಿಲ್ಲ."

ಅಜ್ಜನ ಗುದ್ದಲಿ ನಿಂತಿತು. "ಹಾಗಂದ್ಲಾ?"

"ನಾನು ಯಾರಿಗೂ ಏನೂ ಹೇಳಿಲ್ಲ."

ಅಜ್ಜ ಒಂದು ಆಲೂಗಡ್ಡೆಯ ಮಣ್ಣನ್ನು ಬಹಳ ಹೊತ್ತು ಒರೆಸಿದ. "ಹೇಳಿದ್ರೆ ಲಾರಿ ಬೀಗದಕೈ ಇಸ್ಕೋತಾರೆ ಕಣೇ. ಕೊಯ್ಲಿನ ಹೊತ್ತಲ್ಲಿ ಅಡುಗೆಮನೇಲಿ ಕೂತ್ಕೊಂಡು ನಾನೇನು ಮಾಡ್ಲಿ?"

ಡಾರ್ಕಾ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನು ಅಗೆದದ್ದನ್ನು ಆಯ್ದು ಬುಟ್ಟಿಗೆ ಹಾಕುತ್ತಾ ಹೋದಳು. ಬುಟ್ಟಿ ತುಂಬಿದಾಗ ಅಜ್ಜ ಎದ್ದು ಕೈ ಕೊಡವಿಕೊಂಡು ಶೆಡ್ಡಿನ ಕಡೆ ನಡೆದ. ಅಲ್ಲಿ ಅಮ್ಮ ಕಟಾವು ಮಷಿನ್ನಿಗೆ ಗ್ರೀಸ್ ಹಾಕುತ್ತಿದ್ದಳು.

ಡಾರ್ಕಾ ಬುಟ್ಟಿ ಎತ್ತಿಕೊಂಡು ಹೋಗುವಷ್ಟರಲ್ಲಿ ಅಜ್ಜ ಎಲ್ಲ ಹೇಳಿ ಮುಗಿಸಿದ್ದ. ಟೋಪಿ ಅವನ ಕೈಯಲ್ಲಿತ್ತು. ಅಮ್ಮ ಬೈಯಲಿಲ್ಲ. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ರಾತ್ರಿಯೆಲ್ಲಾ ನನ್ನನ್ನೇ ಬೈಕೊಂಡೆ, ಅಪ್ಪಾ," ಎಂದಳು.

"ಗೊತ್ತಾಯ್ತು. ಅದಕ್ಕೇ ಬಂದೆ."

ಆಮೇಲೆ ಅಮ್ಮ ಮಷಿನ್ನಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಮಷಿನ್ ಓಡಿಸುವುದು ಈವರೆಗೆ ಅವಳ ಕೆಲಸವಾಗಿತ್ತು. ಅದಕ್ಕೆ ಗೇರುಗಳ ರಗಳೆಯಿಲ್ಲ, ಒಂದೇ ಹಿಡಿ, ಮುಂದಕ್ಕೆ ತಳ್ಳಿದರೆ ಸಾಕು. ಈ ಸಲ ಅದನ್ನು ಅಜ್ಜ ಓಡಿಸಲಿ, ಲಾರಿ ತನಗಿರಲಿ ಎಂದಳು. ಕೊಯ್ಲು ಮುಗಿದ ಮೇಲೆ ಕಿವಿ ಡಾಕ್ಟರ ಹತ್ತಿರ ಹೋಗಲೇಬೇಕು, ಕಿವಿಗೆ ಮಷಿನ್ ಹಾಕಿಸಬೇಕು ಎಂದೂ ಸೇರಿಸಿದಳು.

"ಅದಕ್ಕೆಷ್ಟು ಗೇರು?" ಎಂದು ಕೇಳಿದ ಅಜ್ಜ. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ವರ್ನನಿಗೆ ಫೋನ್ ಮಾಡಿದ್ದು ಅಮ್ಮನೇ. ಹಳೆಯ ಬಾಕ್ಸನ್ನೇ ರಿಪೇರಿ ಮಾಡೋಣ ಎಂದಳು. ಬೇರೆಯದರ ಗುಣ ಯಾರಿಗೂ ಗೊತ್ತಿಲ್ಲ, ಇದರ ಒಂದೊಂದು ಹಲ್ಲೂ ಅಪ್ಪನಿಗೆ ಗೊತ್ತು, ನಾನು ಅವನಿಂದ ಸರಿಯಾಗಿ ಕಲಿಯಬೇಕು ಎಂದಳು. ಕೊಯ್ಲಿನ ಮೊದಲ ಕೆಲವು ದಿನಕ್ಕೆ ಪಕ್ಕದ ಹೊಲದವರು ತಮ್ಮ ಲಾರಿ ಕೊಡಲು ಒಪ್ಪಿದರು.

ಸಾಮಾನು ಬಂದದ್ದು ಒಂದು ಶನಿವಾರ. ಹಿಂದಿನ ರಾತ್ರಿ ಮಳೆ ಬಂದು ಗೋಧಿ ಒದ್ದೆಯಾಗಿತ್ತು, ಕೊಯ್ಲಿಗೆ ಬಿಡುವು. ಎಲ್ಲರೂ ವರ್ಕ್‌ಶಾಪಿಗೆ ಹೋದರು.

ವರ್ನ್ ಮತ್ತು ಅಜ್ಜ ಮಧ್ಯಾಹ್ನದವರೆಗೂ ಹೊಸ ಗೇರುಗಳನ್ನು ಒಂದೊಂದಾಗಿ ಕೂರಿಸಿದರು. ಎಲ್ಲ ಮುಗಿದ ಮೇಲೆ ವರ್ನ್ ಗೇರುಗಳನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು, ಸರಿಯಾಗಿದೆ ಎಂದ. ಅಜ್ಜ ಬಾಕ್ಸಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ.

"ಇನ್ನೊಂದ್ಸಲ ತಿರುಗಿಸು. ಮೂರನೇದು ಎಲ್ಲೋ ತಾಗ್ತಿದೆ."

ಬಿಚ್ಚಿ ನೋಡಿದರೆ ಮೂರನೇ ಗೇರಿನ ಪಕ್ಕದ ಸಣ್ಣ ಉಕ್ಕಿನ ಬಳೆ ಕೂದಲೆಳೆಯಷ್ಟು ಓರೆಯಾಗಿತ್ತು. ವರ್ನ್ ತಲೆ ಕೆರೆದುಕೊಂಡ.

"ಅದು ಹೇಗೆ ಗೊತ್ತಾಯ್ತು, ಅಪ್ಪಾ?" ಅಮ್ಮ ಮೇಜಿನ ಆ ಕಡೆಯಿಂದ ಕೇಳಿದಳು. ಅಜ್ಜ ಬಗ್ಗಿ ಬಳೆಯನ್ನು ಸರಿಮಾಡುತ್ತಲೇ ಇದ್ದ.

ಡಾರ್ಕಾ ಅವನ ತೋಳು ಹಿಡಿಯಲು ಕೈ ಚಾಚಿದಳು. ಅಷ್ಟರಲ್ಲಿ ಅಮ್ಮ ಮೇಜು ಸುತ್ತಿಕೊಂಡು ಬಂದಳು. ಅಜ್ಜನ ಎದುರಿಗೆ ನಿಂತು, ಅವನು ತಲೆಯೆತ್ತುವ ತನಕ ಕಾದು, ಅದೇ ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದಳು.

ಅಜ್ಜ ಅಮ್ಮನ ಅಂಗೈ ಹಿಡಿದು ಬಾಕ್ಸಿನ ಮೇಲೆ ಇರಿಸಿದ.

ಡಾರ್ಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಇನ್ನು ಅದು ಅವಳೊಬ್ಬಳ ಕೆಲಸವಲ್ಲ. ಸೋಮವಾರ ಸ್ಕೂಲ್ ಬಸ್ಸಲ್ಲಿ ಕಿಟಕಿ ಪಕ್ಕ ಕೂರಬೇಕು, ಗೆಳತಿಯರ ಜೊತೆ ಮನಸಾರೆ ಹರಟಬೇಕು ಎಂದು ಅವಳಿಗೆ ಎಷ್ಟೋ ದಿನದ ಮೇಲೆ ಅನ್ನಿಸಿತು.