ಕೆಂಪು ಎಳೆ ಬಿದ್ದ ಬಾಟಲಿ

ಮಂಗಳವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ರಸಾಯನಶಾಸ್ತ್ರಜ್ಞೆ ಕುರ್ಚಿಯ ತುದಿಯಲ್ಲಿ ಕೂತು, ಒಂದೂವರೆ ವರ್ಷದ ಕೆಲಸ ನೀರುಪಾಲಾಯಿತು ಎಂದರು. ಅಂದ ಮೇಲೆ ಆ ಮಾತಿನೊಳಗಿನ ತಮಾಷೆ ಅವರಿಗೇ ಹೊಳೆದು ನಗಲು ನೋಡಿದರು. ನಗು ಬರಲಿಲ್ಲ.

ಅವರು ನೆರವು ಕೇಳಿ ಬಂದದ್ದು ನಮ್ಮ ಭಾವನ ಹತ್ತಿರ. ಭಾವ ಎಂದರೆ ನನ್ನ ಅಕ್ಕನ ಗಂಡ. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ನೂಲಿನ ಗುಣ ಪರೀಕ್ಷಿಸಿದವರು. ನಿವೃತ್ತರಾದ ಮೇಲೆ ಊರವರ ಗಂಟುಗಳನ್ನು ಬಿಡಿಸತೊಡಗಿ ‘ಎಳೆ ಮೇಷ್ಟ್ರು’ ಎನಿಸಿಕೊಂಡರು. ಅಕ್ಕ ತೀರಿಕೊಂಡ ಮೇಲೂ ನಾನು ಅವರ ಜೊತೆಗೇ ಉಳಿದೆ. ಅವರು ಕಂಡದ್ದನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ.

ಮೇಡಂ ವಿವರಿಸಿದ್ದು ಇಷ್ಟು. ಊರಿಗೆ ಹೊಸ ನೀರಿನ ಕೊಳವೆ ಹಾಕಿದ ಮೇಲೆ ಅವರು ಪ್ರತಿ ತಿಂಗಳೂ ಆರು ಕಡೆಯ ನಲ್ಲಿ ನೀರು ತರಿಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳನ್ನು ಎಣಿಸುತ್ತಿದ್ದರು. ಆ ಚೂರುಗಳು ಕೊಳವೆಯವೇ ಎಂದು ಗುರುತಿಸಲು ಒಂದು ಗಾಜಿನ ಪಟ್ಟಿ ತಯಾರಿಸಿದ್ದರು. ಅದರ ಮೇಲೊಂದು ಪಾಲಿಮರ್ ಪದರ. ಪದರದ ತುಂಬ, ಕೊಳವೆಯ ಒಳಲೇಪದಿಂದ ಬಿಡುವ ಒಂದು ಅಣುವಿನ ಅಳತೆಗೇ ಮಾಡಿದ ಗೂಡುಗಳು. ಆ ಅಣು ಬಂದು ಕೂತರೆ ಪಟ್ಟಿ ಹಸಿರಾಗಿ ಹೊಳೆಯುತ್ತದೆ. ಬೇರೆ ಏನು ಬಂದರೂ ಸುಮ್ಮನಿರುತ್ತದೆ. ಗುರುವಾರ ಊರಿನವರ ಮುಂದೆ ವರದಿ ಓದುವುದಿತ್ತು.

ಪ್ರತಿ ಸಲವೂ ಒಂದು ಬಾಟಲಿ ಅತಿ ಶುದ್ಧ ನೀರನ್ನು ಮುಚ್ಚಿಟ್ಟು, ಕೊನೆಗೆ ಅದನ್ನೂ ಪರೀಕ್ಷಿಸುವುದು ಅವರ ಪದ್ಧತಿ. ಅದರಲ್ಲಿ ಏನೂ ಇರಕೂಡದು. ಇದ್ದರೆ, ಬೇರೆ ಬಾಟಲಿಗಳಲ್ಲಿ ಕಂಡದ್ದೂ ಲ್ಯಾಬಿನ ಧೂಳೇ ಎಂದಾಗುತ್ತದೆ. ಆ ಬೆಳಿಗ್ಗೆ ಸಂಶೋಧನಾ ವಿದ್ಯಾರ್ಥಿನಿ ಅದನ್ನು ತೆರೆದಾಗ ಒಳಗೆ ಕೆಂಪು ಪಾಲಿಯೆಸ್ಟರ್ ಎಳೆಗಳು ತೇಲುತ್ತಿದ್ದವು.

“ನಾನೇ ಇಷ್ಟು ದಿನ ತಪ್ಪು ಎಣಿಸಿದ್ದೀನಾ, ಇಲ್ಲ ಯಾರಾದ್ರೂ ಹಾಕಿದ್ದಾರಾ, ಅಷ್ಟು ಗೊತ್ತಾದ್ರೆ ಸಾಕು,” ಎಂದರು ಮೇಡಂ. “ತಪ್ಪು ನನ್ನದೇ ಆಗಿದ್ರೂ ಪರವಾಗಿಲ್ಲ, ಹೇಳಿಬಿಡಿ.”

ಭಾವ ಆಗಲೇ ಚಪ್ಪಲಿ ಮೆಟ್ಟಿದ್ದರು.

ಲ್ಯಾಬು ಉದ್ದನೆಯ ಒಂದೇ ಕೋಣೆ. ಕಿಟಕಿಯ ಕೆಳಗೆ ಕೈ ತೊಳೆಯುವ ತೊಟ್ಟಿ, ಗೋಡೆಯುದ್ದಕ್ಕೂ ತಿಂಗಳ ಪ್ರಕಾರ ಸಾಲಾಗಿಟ್ಟ ಗಾಜಿನ ಬಾಟಲಿಗಳು, ಮೇಜಿನ ಮೇಲೆ ಕೆಂಪು ಪಟ್ಟಿದಾರದಿಂದ ಕಟ್ಟಿದ ವರದಿಯ ಪ್ರತಿಗಳು. ಅಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದ ಅಸಿಸ್ಟೆಂಟರನ್ನು ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು. ಊರೆಲ್ಲ ಸುತ್ತಿ ನೀರು ತುಂಬಿಸಿ ತರುವುದು ಅವರ ಕೆಲಸ. ಪ್ರತಿಗಳನ್ನು ಸೋಮವಾರ ಓದಿ, ಪುಟ ಜೋಡಿಸಿ ಕಟ್ಟಿದವರೂ ಅವರೇ. ವಿದ್ಯಾರ್ಥಿನಿ ಮಳೆಗಾಲ ಮುಗಿದ ಮೇಲೆ ಸೇರಿಕೊಂಡವಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು. ಹಾಕಿದ್ದ ಸ್ವೆಟರೂ ಕೆಂಪೇ.

ನಾವು ಹೋದ ಸ್ವಲ್ಪ ಹೊತ್ತಿಗೆ, ಆ ಕೊಳವೆ ಹಾಕಿಸಿದ ಎಂಜಿನಿಯರ್ ಬಂದರು. ಸೋಮವಾರವೂ ಬಂದು ಅರ್ಧ ಗಂಟೆ ಕೂತಿದ್ದರಂತೆ. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು.

“ಇದಕ್ಕೆಲ್ಲ ಪತ್ತೇದಾರರು ಬೇಕಾ? ಆ ಸ್ವೆಟರ್ ನೋಡಿದ್ರೆ ಗೊತ್ತಾಗಲ್ವಾ?” ಎಂದರು. ಹುಡುಗಿ ತಲೆ ತಗ್ಗಿಸಿದಳು. ಅಣ್ಣ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಭಾವ ಸ್ವೆಟರಿನ ಒಂದು ಎಳೆ ಕೇಳಿ ತೆಗೆದುಕೊಂಡು, ಬಾಟಲಿಯ ಎಳೆಗಳ ಪಕ್ಕದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಸ್ವೆಟರಿನದು ಗುಂಗುರು ಗುಂಗುರಾಗಿತ್ತು. ಬಾಟಲಿಯವು ನೇರ, ಎಲ್ಲವೂ ಒಂದೇ ಉದ್ದ, ಎರಡೂ ತುದಿ ಚೊಕ್ಕ. ಬಾಟಲಿಯ ಬಾಯಿಗೆ ಸುತ್ತಿದ್ದ ಲೋಹದ ಹಾಳೆಯನ್ನು ಮೇಡಂ ಕೈಯಲ್ಲಿ ಪರೀಕ್ಷೆ ಮಾಡಿಸಿದರು: ಮೂರು ಮಡಿಕೆ, ಮೂಲೆ ಒಳಗೆ, ಥೇಟ್ ಲ್ಯಾಬಿನ ರೀತಿ. ಆಮೇಲೆ ಭಾವ ತೊಟ್ಟಿಯಲ್ಲಿ ಕೈ ತೊಳೆದರು. ಸೋಪಿನಲ್ಲಿ ನೊರೆಯೇ ಬರಲಿಲ್ಲ. ನಲ್ಲಿಯ ಮೂತಿಗೆ ಸುಣ್ಣದಂಥ ಬಿಳಿ ಕರೆ ಕಟ್ಟಿತ್ತು. ಇದು ನಮ್ಮ ಹಳೇ ಬಾವಿಯ ನೀರು, ಊರಿನ ಕೊಳವೆ ಈ ಕಟ್ಟಡಕ್ಕಿಲ್ಲ ಎಂದು ಮೇಡಂ ಹೇಳಿದರು.

ಹೊರಡುವ ಮುಂಚೆ ಭಾವ ಬಾಟಲಿಗಳ ಸಾಲಿನ ಮುಂದೆ ಬಹಳ ಹೊತ್ತು ನಿಂತರು. ಕಳೆದ ಮಳೆಗಾಲದ ಎರಡು ತಿಂಗಳ ಸಾಲು, ಅಂದರೆ ಹನ್ನೆರಡು ಬಾಟಲಿಗಳ ಕುತ್ತಿಗೆಯಲ್ಲಿ ತೆಳ್ಳನೆಯ ಬಿಳಿ ಉಂಗುರವಿತ್ತು. ಬೇರೆ ಯಾವುದರಲ್ಲೂ ಇರಲಿಲ್ಲ. ನಾನು ಅದನ್ನು ಬರೆದುಕೊಂಡೆ. ಅರ್ಥ ಮಾತ್ರ ಆಗಲಿಲ್ಲ. ಭಾವ ವರದಿಯ ಒಂದು ಪ್ರತಿಯನ್ನು ದಾರದ ಸಮೇತ ಮನೆಗೆ ತಂದು ಇಡೀ ಮಧ್ಯಾಹ್ನ ಓದಿದರು. ಒಂದು ಪುಟ ಬಂದಾಗ ಕನ್ನಡಕ ತೆಗೆದಿಟ್ಟು, “ಪಾಪ,” ಎಂದರು. ಯಾರಿಗೆ ಎಂದು ಕೇಳಿದರೆ ಮುಂದಿನ ಪುಟ ತಿರುವಿದರು.

ಬುಧವಾರ ಮಧ್ಯಾಹ್ನ ನಾಲ್ವರನ್ನೂ ಲ್ಯಾಬಿನಲ್ಲಿ ಕೂರಿಸಿದರು. ಮೊದಲು ಮೇಡಂ ಕೈಯಿಂದ ಗಾಜಿನ ಪಟ್ಟಿಯನ್ನು ಕೆಂಪು ಎಳೆಗಳ ನೀರಿನಲ್ಲಿ ಅದ್ದಿಸಿದರು. ಪಟ್ಟಿ ಹೊಳೆಯಲಿಲ್ಲ.

“ಅಂದ್ರೆ ಕೊಳವೆಯ ಅಣು ಲ್ಯಾಬಿನೊಳಗಿಂದ ಬಂದಿದ್ದಲ್ಲ. ನಿಮ್ಮ ಎಣಿಕೆ ಉಳೀತಮ್ಮ,” ಎಂದರು ಭಾವ. ಮೇಡಂ ತಡೆದಿಟ್ಟಿದ್ದ ಉಸಿರು ಬಿಟ್ಟರು.

ಅಲ್ಲಿಂದ ಭಾವ ಒಂದೊಂದೇ ಎಳೆ ಬಿಡಿಸಿದರು. ಬಟ್ಟೆಯಿಂದ ತಾನಾಗಿ ಉದುರಿದ ಎಳೆ ಉದ್ದ ಗಿಡ್ಡ ಇರುತ್ತದೆ, ತುದಿ ಸಿಬಿರಾಗಿರುತ್ತದೆ. ಇವು ಕತ್ತರಿಯಲ್ಲಿ ಕತ್ತರಿಸಿದವು, ಆದ್ದರಿಂದ ಬೇಕೆಂದೇ ಹಾಕಿದವು. ಸ್ವೆಟರಿನವಲ್ಲ, ವರದಿ ಕಟ್ಟಿದ ಪಟ್ಟಿದಾರದವು. ಅದರ ಎಳೆಯನ್ನು ಅವರು ಬಾಟಲಿಯಿಂದ ತಂದಿದ್ದ ಎಳೆಯ ಪಕ್ಕದಲ್ಲಿಟ್ಟು, ಮನೆಯಲ್ಲಿ ಭೂತಗನ್ನಡಿ ಹಿಡಿದು ಹೋಲಿಸಿ ನೋಡಿದ್ದರು. ಮುಚ್ಚಳದ ಮಡಿಕೆ ಲ್ಯಾಬಿನ ಕೈ ಬಲ್ಲದ್ದು, ಎಂಜಿನಿಯರ್ ಕೈಗೆ ಒಗ್ಗುವಂಥದ್ದಲ್ಲ.

“ಇನ್ನೊಂದು ವಿಷಯ ಯೋಚಿಸಿ,” ಎಂದರು ಭಾವ. “ಮೇಡಂಗೆ ಅವಮಾನ ಮಾಡ್ಬೇಕು ಅನ್ನೋರು ಕಣ್ಣಿಗೆ ಬೀಳದ ಬಣ್ಣ ಹಾಕಿ, ಸಭೆ ಮುಗಿಯೋವರೆಗೂ ಕಾಯ್ತಿದ್ರು. ಇಲ್ಲಿ ಹಾಕಿರೋದು ಕೆಂಪು. ಅದೂ ಸಭೆಗೆ ಮುಂಚೆ ತೆರೆದೇ ತೆರೆಯೋ ಬಾಟಲಿಗೆ. ಇದು ಬೀಳಿಸೋ ಕೈ ಅಲ್ಲ. ತಡೆಯೋ ಕೈ.”

ಏನನ್ನು ತಡೆಯಲು? ಭಾವ ವರದಿಯ ಹದಿನೇಳನೇ ಪುಟ ಓದಿದರು. ಮಳೆಗಾಲದ ಎರಡು ತಿಂಗಳು ಆರೂ ಕಡೆಯ ನೀರು ಶುದ್ಧವಾಗಿತ್ತು; ಆದ್ದರಿಂದ ಆ ತಿಂಗಳುಗಳಲ್ಲಿ ಹೆರಿಗೆ ಆಸ್ಪತ್ರೆ ಫಿಲ್ಟರ್ ಇಲ್ಲದೆಯೇ ನೀರು ಬಳಸಬಹುದು ಎಂದು ಅಲ್ಲಿತ್ತು. ಆದರೆ ಆ ಹನ್ನೆರಡು ಬಾಟಲಿಗಳಲ್ಲಿ ಮಾತ್ರ ಸುಣ್ಣದ ಉಂಗುರವಿತ್ತು. ಊರಿನ ಕೊಳವೆಯಲ್ಲಿ ಬರುವ ನದಿ ನೀರು ಅಂಥ ಕರೆ ಕಟ್ಟುವುದಿಲ್ಲ. ಅವು ಊರಿನಿಂದ ಬಂದ ನೀರಲ್ಲ, ಈ ತೊಟ್ಟಿಯ ನಲ್ಲಿಯಲ್ಲಿ ತುಂಬಿದ ಬಾವಿ ನೀರು. ಆಗ ಈ ಹುಡುಗಿ ಇಲ್ಲಿ ಇರಲೇ ಇಲ್ಲ. ನೀರು ತರುತ್ತಿದ್ದವರು ಒಬ್ಬರೇ.

ಅಣ್ಣ ಎದ್ದು ನಿಂತರು.

“ಹೆಂಡತಿ ಆಸ್ಪತ್ರೆಯಲ್ಲಿದ್ಲು, ಮೇಡಂ. ರಜೆ ಎಲ್ಲ ಮುಗಿದಿತ್ತು. ಹಗಲೆಲ್ಲ ಅವಳ ಹತ್ರ ಕೂತಿದ್ದು, ಸಂಜೆ ಇಲ್ಲಿ ಬಂದು ತುಂಬಿಸಿಟ್ಟೆ. ನೀರು ತಾನೇ ಅಂದುಕೊಂಡೆ. ಅವಳು ಉಳ್ಕೊಂಡ್ಲು. ಈ ಮಾತು ಮಾತ್ರ ಗಂಟಲಲ್ಲೇ ಉಳೀತು.” ಅವರು ಮೇಜಿನ ಅಂಚು ಹಿಡಿದುಕೊಂಡರು. “ಸೋಮವಾರ ಆ ಪುಟ ಓದ್ದೆ. ಹಸುಗೂಸುಗಳು. ಹೇಳೋಕೆ ಧೈರ್ಯ ಬರ್ಲಿಲ್ಲ. ಸಭೆ ಮುಂದಕ್ಕೆ ಹೋದ್ರೆ ಇನ್ನೊಂದು ಮಳೆಗಾಲ ಸಿಗುತ್ತೆ, ಸರಿಯಾಗಿ ತುಂಬಿಸಿ ತರ್ತೀನಿ ಅಂತ ಇದನ್ನ ಮಾಡ್ದೆ.” ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿ, “ನಿನ್ನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲಮ್ಮ. ನಿನ್ನೆಯೇ ಹೇಳ್ಬೇಕಿತ್ತು. ತಪ್ಪಾಯ್ತು,” ಎಂದರು.

ಮೇಡಂ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಸಿಟ್ಟಿಗೆ ಅವರ ಕಿವಿ ಕೆಂಪಾಗಿತ್ತು. ತಿರುಗಿ, “ಅವತ್ತು ಒಂದು ಮಾತು ಹೇಳಿದ್ರೆ ನಾನೇ ಹೋಗಿ ತರ್ತಿದ್ದೆ ಅಲ್ವಾ ಅಣ್ಣ?” ಎಂದರು.

ಗುರುವಾರದ ಸಭೆ ನಡೆಯಿತು. ಮಳೆಗಾಲದ ಲೆಕ್ಕ ತಪ್ಪು, ಆ ಪುಟ ರದ್ದು, ಫಿಲ್ಟರ್ ಯಾವ ತಿಂಗಳೂ ತೆಗೆಯಬೇಡಿ ಎಂದು ಮೇಡಂ ಮೊದಲ ಮಾತಿನಲ್ಲೇ ಹೇಳಿದರು. ಹೇಗೆ ತಪ್ಪಿತು ಎಂದು ಹಿಂದಿನಿಂದ ಯಾರೋ ಕೇಳಿದರು. ಮೇಡಂ ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು, ಎಲ್ಲವನ್ನೂ ತಾವೇ ಹೇಳಿದರು. ಉಳಿದ ತಿಂಗಳುಗಳ ನೀರಿನಲ್ಲಿ ಕೊಳವೆಯ ಚೂರುಗಳಿವೆ ಎಂಬ ಲೆಕ್ಕ ಗಟ್ಟಿಯಾಗಿತ್ತು. ಎಂಜಿನಿಯರ್ ಅದನ್ನು ಅಲ್ಲಗಳೆಯಲಿಲ್ಲ. ಕೊಳವೆ ಅಗೆಸಿ ನೋಡುತ್ತೇನೆ ಎಂದರು. ಹೊರಗೆ ಹೋಗುವಾಗ ವಿದ್ಯಾರ್ಥಿನಿಯ ಹತ್ತಿರ ನಿಂತು, ಸ್ವೆಟರಿನ ಮಾತು ಆಡಬಾರದಿತ್ತು ಎಂದು ಮೆಲ್ಲಗೆ ಹೇಳಿದರು.

ಮೇಡಂ ಅಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಮಾತು ಕಡಿಮೆಯಾಯಿತು; ಮೂರು ತಿಂಗಳು ಅವರು ತಂದ ಪ್ರತಿ ಬಾಟಲಿಯನ್ನೂ ಎದುರಿಗೇ ಪರೀಕ್ಷಿಸುತ್ತಿದ್ದರು. ಅಣ್ಣ ಅದಕ್ಕೆ ಮುಖ ಗಂಟಿಕ್ಕಲಿಲ್ಲ.

ಮುಂದಿನ ಮಳೆ ಹಿಡಿದ ವಾರ ನಾನೂ ಭಾವನೂ ಲ್ಯಾಬಿಗೆ ಹೋಗಿದ್ದೆವು. ಅಣ್ಣ ಬಾಗಿಲಲ್ಲಿ ನಿಂತು, “ಮೇಡಂ, ನಾಳೆ ಹೆಂಡತೀನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. ನೀರು ತರೋಕೆ ಆಗಲ್ಲ,” ಎಂದರು. ಅಷ್ಟು ಹೇಳುವುದರೊಳಗೆ ಅವರ ಹಣೆ ಬೆವರಿತ್ತು.

ಮೇಡಂ ಬರೆಯುತ್ತಿದ್ದುದನ್ನು ನಿಲ್ಲಿಸಿ ಅವರ ಮುಖ ನೋಡಿದರು. ಎಷ್ಟೋ ದಿನಗಳ ಮೇಲೆ ನಕ್ಕರು.

“ಹೋಗಿ ಬನ್ನಿ, ಅಣ್ಣ. ಯಾವ ಬೀದಿಯಲ್ಲಿ ಯಾವ ನಲ್ಲಿ ಅಂತ ಬರೆದುಕೊಟ್ಟು ಹೋಗಿ. ನಾನು ತರ್ತೀನಿ.”