ಎಳನೀರಿನ ಕಲ್ಲು

ಕಲ್ಲು ಹುಟ್ಟಿಸಲು ಬೆಟ್ಟಕ್ಕೆ ಸಾವಿರಾರು ವರ್ಷ ಬೇಕಂತೆ. ನಮ್ಮ ತಿಮ್ಮೇಶನಿಗೆ ಒಂದೇ ಒಂದು ಭಾನುವಾರ ಸಾಕು! ನಂಬುವುದಿಲ್ಲವೇ? ಕೊತ್ತಗೆರೆಯ ತೆಂಗಿನ ತೋಟಕ್ಕೆ ಬನ್ನಿ. ಐದನೇ ಕ್ಲಾಸಿನ ಹೀರೋ ಬಾಂಡ್ಲಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ.

“ಅಕ್ಕಾ, ಈ ತಿಮ್ಮೇಶ ಕೈ ಹಾಕಿದ್ರೆ ಮಣ್ಣೂ ಎದ್ದು ಸಲ್ಯೂಟ್ ಹೊಡೀಬೇಕು!”

“ಡೈಲಾಗ್ ಆಮೇಲೆ. ಮೊದ್ಲು ನೀರು ತಗೊಂಡ್ ಬಾರೋ,” ಎಂದಳು ಮಂಜುಶ್ರೀ, ಅಚ್ಚಿಗೆ ಎಣ್ಣೆ ಸವರುತ್ತಾ.

ಅವಳಿಗೆ ತುಮಕೂರಿನ ಒಂದು ಟೈಲ್ಸ್ ಯೂನಿಟ್‌ನಲ್ಲಿ ಕೆಲಸ. ಬಿಸಾಡಿದ ಕಲ್ಲುಪುಡಿ, ಒಡೆದ ಟೈಲ್ಸಿಗೆ ಸಿಮೆಂಟ್ ಬೆರೆಸಿ ಅಲ್ಲಿ ಹೊಸ ಕಲ್ಲು ಮಾಡುತ್ತಾರೆ.

ಅಜ್ಜಿ ಸಿದ್ದಲಕ್ಷ್ಮಮ್ಮ ತೀರಿಕೊಂಡು ಬುಧವಾರಕ್ಕೆ ವರ್ಷ. ತೋಟದ ಸಮಾಧಿಗೆ ಅವತ್ತು ಎಡೆ ಇಡಬೇಕು. ತಲೆಯ ಕಡೆ ಇನ್ನೂ ಕಲ್ಲು ನೆಟ್ಟಿರಲಿಲ್ಲ.

“ಅಂಗಡಿ ಕಲ್ಲು ಬ್ಯಾಡ. ಅವ್ಳು ಒಂದು ಚೂರೂ ಬಿಸಾಕ್ದೋಳಲ್ಲ,” ಎಂದಿದ್ದ ತಾತ ಚೌಡಪ್ಪ. ಅಜ್ಜಿ ಹೋದ ಮೇಲೆ ಅವನು ಮಾತಾಡುವುದೇ ಅಪರೂಪ.

ಅದಕ್ಕೇ ಬಾಂಡ್ಲಿಯಲ್ಲಿ ಸಿಮೆಂಟಿನ ಜೊತೆ ಮುರಿದ ಹೆಂಚು, ಕಲ್ಲುಪುಡಿ, ಅಜ್ಜಿ ಅಟ್ಟದಲ್ಲಿ ಎತ್ತಿಟ್ಟಿದ್ದ ಹೂವಿನ ಪಿಂಗಾಣಿ ಬಟ್ಟಲಿನ ಚೂರುಗಳು.

ನೀರಿಗೆ ಹೊರಟ ತಿಮ್ಮೇಶನ ಕಣ್ಣು ಎಳನೀರಿನ ಗೊನೆಯ ಮೇಲೆ ಬಿತ್ತು. ಯಾರಿಗೂ ಹೇಳದೆ ಕಾಯಿ ಕೆತ್ತಿ ಬಿಂದಿಗೆ ತುಂಬಿಸಿದ. ಅದನ್ನೇ ಸುರಿದು ಕಲಸಿ ಅಚ್ಚಿಗೆ ತುಂಬಿದ.

ಬುಧವಾರ ಅಚ್ಚು ಬಿಚ್ಚಿದರೆ ಕಲ್ಲಿಲ್ಲ. ಅಂಬಲಿಯ ಹಾಗೆ ಸುರಿದುಹೋಯಿತು. ತಾತ ಎಡೆಯ ಎಲೆ ಹಿಡಿದು ನಿಂತಿದ್ದ.

“ಏನೋ ಹಾಕಿದ್ದೆ ಇದಕ್ಕೆ?” ಎಂದಳು ಅಕ್ಕ.

“ಎಳನೀರು...”

“ಅಯ್ಯೋ ಕತ್ತೆ! ಸಿಹಿ ಬಿದ್ರೆ ಸಿಮೆಂಟ್ ಗಟ್ಟಿ ಆಗಲ್ಲ ಕಣೋ. ಯಾಕೋ ಹಂಗ್ ಮಾಡ್ದೆ?”

ತಿಮ್ಮೇಶ ಖಾಲಿ ಅಚ್ಚನ್ನು ನೆಟ್ಟಗೆ ನಿಲ್ಲಿಸಿದ. “ಕೊನೇಲಿ ಅಜ್ಜಿ ಅದೊಂದೇ ತಾನೆ ಕುಡೀತಿದ್ದಿದ್ದು...”

ತಾತ ನೆಲಕ್ಕೆ ಕೂತ. ಕೆಸರಿನಿಂದ ಹೂವಿನ ಚೂರೊಂದನ್ನು ಹೆಕ್ಕಿ ಪಂಚೆಗೆ ಒರೆಸಿದ.

“ಬೈಬ್ಯಾಡ ಬುಡವ್ವಾ ಅವನ್ನ. ಅವ್ಳೇ ಕುಡ್ಕೊಂಡವ್ಳೆ.”

ಎಡೆಯನ್ನು ಬರಿ ಮಣ್ಣಿನ ಮೇಲೇ ಇಟ್ಟರು.

ನಾನು ಮೊದಲು ಹೇಳಿದ್ದೆಲ್ಲ ಬರೀ ಬಿಲ್ಡಪ್ಪು. ಭಾನುವಾರದ್ದು ಕಲ್ಲಾಗಲೇ ಇಲ್ಲ. ಈಗ ಅಲ್ಲಿ ನಿಂತಿರುವುದು ಆ ಚೂರುಗಳನ್ನೇ ತೊಳೆದು ತಾತ ಮತ್ತೆ ಕಲಸಿದ ಕಲ್ಲು. ತಿಮ್ಮೇಶ ಬೋರ್‌ವೆಲ್ ನೀರು ಹೊಯ್ದ, ಅಷ್ಟೆ.

ಕಲಸುತ್ತಾ ಕಲಸುತ್ತಾ ತಾತ ಅಜ್ಜಿಯ ಸುದ್ದಿ ತೆಗೆದ. ಮದುವೆಯಲ್ಲಿ ಅವಳು ನಕ್ಕಿದ್ದು, ತಾನು ಅವಳಿಗೆ ಆ ಬಟ್ಟಲು ಕೊಡಿಸಿದ್ದು, ಅದು ಒಡೆದಾಗ ಅವಳು ಅತ್ತಿದ್ದು.

ತಿಮ್ಮೇಶ ನೀರನ್ನು ಬೇಕೆಂದೇ ನಿಧಾನವಾಗಿ ಹೊಯ್ದ.