ಒರೆಸದೆ ಬಿಟ್ಟ ಐದು

"ಪುಸ್ತಕ ಮುಚ್ಚು! ಕದ್ದು ನೋಡಬಾರದು. ದೇಹದಲ್ಲಿ ಎಲ್ಲಕ್ಕಿಂತ ಉದ್ದದ ಮೂಳೆ ಯಾವುದು?"

"ತೊಡೆ ಮೂಳೆ. ಆದ್ರೆ ಕ್ಯಾಪ್ಟನ್, ನಮ್ದು ಬರೀ ಓದೋ ಗುಂಪಲ್ವಾ? ಮುಚ್ಚಿ ಕೇಳೋದು ಅವರ ಗುಂಪು," ಎಂದು ಕನ್ನಡಕದ ಹುಡುಗಿ ಪಿಸುಗುಟ್ಟಿದಳು.

"ಮಿಸ್ ಹೇಳಿದ ರೂಲ್ ಕ್ಲಾಸಿಗೆ ಮಾತ್ರ. ಇದು ಮೆಟ್ಟಿಲ ಕೆಳಗೆ," ಎಂದಳು ಕ್ಯಾಪ್ಟನ್.

ಥ್ರೋಬಾಲ್ ಟೀಮಿಗೆ ಅವಳೇ ಕ್ಯಾಪ್ಟನ್. ಸೋಲು ಅಂದರೆ ಅವಳಿಗೆ ಆಗದು. ಹಾವು-ಏಣಿ ಆಟದಲ್ಲಿ ಸೋತರೂ ಅವತ್ತು ಊಟ ಸೇರುತ್ತಿರಲಿಲ್ಲ.

ಆ ವಾರ ವಿಜ್ಞಾನದ ಮಿಸ್ ಚೀಟಿ ಎತ್ತಿಸಿ ಕ್ಲಾಸನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಮೂಳೆಯ ಪಾಠವನ್ನು ಮತ್ತೆ ಮತ್ತೆ ಓದಬೇಕು, ಅಷ್ಟೇ. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಹೇಳಬೇಕು.

"ಯಾವ ಥರ ಓದಿದ್ರೆ ಜಾಸ್ತಿ ನೆನಪಿರುತ್ತೆ ಅಂತ ನನಗೂ ಗೊತ್ತಿಲ್ಲ. ಟೆಸ್ಟ್ ಕೊಟ್ಟು ನೋಡೋಣ," ಎಂದಿದ್ದರು ಮಿಸ್.

ಅಷ್ಟು ಮಾತಿನಲ್ಲಿ 'ಎರಡು ಗುಂಪು' ಎಂಬುದಷ್ಟೇ ಕ್ಯಾಪ್ಟನ್ ಕಿವಿಗೆ ಬಿದ್ದಿತ್ತು. ಎರಡು ಗುಂಪು ಅಂದಮೇಲೆ ಒಂದು ಗೆಲ್ಲಲೇಬೇಕಲ್ಲ! ಅದಕ್ಕೇ ತನ್ನ ಗುಂಪನ್ನು ದಿನಾ ಮೆಟ್ಟಿಲ ಕೆಳಗೆ ಸೇರಿಸುತ್ತಿದ್ದಳು.

ಅವಳ ಅವಳಿ ತಮ್ಮ ಇನ್ನೊಂದು ಗುಂಪಿನಲ್ಲಿದ್ದ. ಹತ್ತೇ ನಿಮಿಷ ಚಿಕ್ಕವನು, ಆದರೂ 'ಅಕ್ಕ' ಎನ್ನದಿದ್ದರೆ ಅವಳು ಬಿಡುತ್ತಿರಲಿಲ್ಲ. ಪಾಪ, ಎಷ್ಟು ಓದಿದರೂ ಅವನ ತಲೆಗೆ ಹತ್ತುತ್ತಿರಲಿಲ್ಲ. ಈ ವಾರ ಮಾತ್ರ ಅಮ್ಮ ಅಂಗಿಯ ಅಳತೆಗೆ ಟೇಪು ಹಿಡಿದರೆ ಸಾಕು, ಅಲ್ಲೇ ಶುರು. "ಇದು ಭುಜದ ಮೂಳೆ. ಇದು ಪಕ್ಕೆಲುಬು, ಹನ್ನೆರಡು ಜೊತೆ. ಅಮ್ಮಾ, ಕಚಗುಳಿ ಇಡ್ಬೇಡ!"

ಟೆಸ್ಟಿನಲ್ಲಿ ತಮ್ಮನಿಗೆ ಹತ್ತಕ್ಕೆ ಎಂಟು ಬಂತು. ಕ್ಯಾಪ್ಟನ್‌ಗೆ ಹತ್ತಕ್ಕೆ ಹತ್ತು! ಗುಂಪಿನ ಮಾರ್ಕ್ಸ್ ಕೂಡಿದಾಗ ಅವಳದೇ ಒಂದು ಕೂದಲೆಳೆಯಷ್ಟು ಮುಂದಿತ್ತು.

ಮಿಸ್ ಬೋರ್ಡ್ ನೋಡುತ್ತ ನಿಂತರು. "ಎರಡೂ ಹೆಚ್ಚುಕಡಿಮೆ ಒಂದೇ. ಪುಸ್ತಕ ಮುಚ್ಚಿ ಹೇಳೋ ಹೊಸ ರೀತಿಯಿಂದ ಏನೂ ಲಾಭ ಕಾಣಿಸ್ತಿಲ್ಲ. ಸೋಮವಾರದಿಂದ ಎಲ್ರೂ ಮೊದಲಿನ ಹಾಗೇ ಓದಿ."

ಅಂದು ಸಂಜೆ ತಮ್ಮ ಹೃದಯದ ಪಾಠ ತೆಗೆದು ಗಿಣಿಪಾಠ ಮಾಡತೊಡಗಿದ. ಓದಿದ ಸಾಲನ್ನೇ ಓದಿದ. ಕೊನೆಗೆ ಪುಸ್ತಕದ ಮೇಲೆ ತಲೆಯಿಟ್ಟ.

"ಯಾಕೋ ಹಿಂಗೆ ಓದ್ತೀಯ? ಪುಸ್ತಕ ಮುಚ್ಚಿ ಹೇಳು," ಎಂದಳು ಕ್ಯಾಪ್ಟನ್.

"ಅದರಿಂದ ಲಾಭ ಇಲ್ವಂತಲ್ಲ ಅಕ್ಕ. ಮಿಸ್ ಟೆಸ್ಟ್ ಮಾಡಿ ನೋಡಿದಾರೆ."

ಕ್ಯಾಪ್ಟನ್‌ಗೆ ಗೆದ್ದ ಖುಷಿಯೆಲ್ಲ ಇಳಿದುಹೋಯಿತು.

ಸೋಮವಾರ ಮಿಸ್ ಒಳಗೆ ಬರುತ್ತಿದ್ದಂತೆ ಅವಳು ಎದ್ದು ನಿಂತಳು. "ಮಿಸ್, ಆ ಮಾರ್ಕ್ಸ್ ಸರಿಯಿಲ್ಲ. ನಮ್ಮ ಗುಂಪೂ ಕದ್ದು ಪುಸ್ತಕ ಮುಚ್ಚಿ ಕೇಳ್ತಿತ್ತು. ನಾನೇ ಕೇಳ್ತಿದ್ದೆ."

ಬೈಗುಳ ಖಂಡಿತ ಎಂದು ಅವಳು ತಲೆ ತಗ್ಗಿಸಿದಳು. ಮಿಸ್ ಬೈಯಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತರು.

"ಅಂದ್ರೆ ಎರಡು ಗುಂಪೂ ಒಂದೇ ಥರ ಓದಿದ್ವು! ಅದನ್ನ ನಂಬಿ ನಾನು ವರ್ಷಪೂರ್ತಿ ಪಾಠ ಮಾಡಿಬಿಡ್ತಿದ್ದೆನಲ್ಲೇ, ಹುಡುಗಿ!" ಆಮೇಲೆ ಚಾಕ್‌ಪೀಸ್ ಎತ್ತಿಕೊಂಡರು. "ಸರಿ. ಅದೇ ಗುಂಪು, ಹೃದಯದ ಪಾಠ. ಮತ್ತೆ ಮೊದಲಿಂದ."

ಈ ಸಲವೂ ಕನ್ನಡಕದ ಹುಡುಗಿ ಮೆಟ್ಟಿಲ ಕೆಳಗೆ ಕಾದಳು. ಕ್ಯಾಪ್ಟನ್ ಹೋಗಲಿಲ್ಲ. ಹೋಗಬೇಕೆಂದು ಕಾಲು ತುರಿಸುತ್ತಿತ್ತು, ಆದರೂ ಬೆಂಚಿನಲ್ಲೇ ಕೂತು ಬರೀ ಓದಿದಳು.

ಟೆಸ್ಟ್ ಆಯಿತು. ತಮ್ಮನಿಗೆ ಎಂಟು. ಕ್ಯಾಪ್ಟನ್‌ಗೆ ಐದು.

"ಈ ಸಲ ವ್ಯತ್ಯಾಸ ಕಾಣ್ತಿದೆ," ಎಂದರು ಮಿಸ್. "ಇನ್ನೂ ಒಂದೆರಡು ಪಾಠ ನೋಡೋಣ. ಮಾರ್ಕ್ಸ್ ಬೋರ್ಡ್ ಮೇಲೇ ಇರ್ಲಿ, ನಾಳೆ ಬರ್ಕೊಳ್ತೀನಿ."

ಬೋರ್ಡ್ ಒರೆಸುವ ಸರದಿ ಅವತ್ತು ಕ್ಯಾಪ್ಟನ್‌ದು. ಎಲ್ಲರೂ ಹೊರಟ ಮೇಲೆ ಕನ್ನಡಕದ ಹುಡುಗಿ ಹತ್ತಿರ ಬಂದಳು. "ನಿನ್ನ ಐದನ್ನ ಎಂಟು ಮಾಡ್ಲಾ? ಯಾರಿಗೂ ಗೊತ್ತಾಗಲ್ಲ."

ಬಾಗಿಲಲ್ಲಿ ತಮ್ಮ ಕಾಯುತ್ತಿದ್ದ. ಹೃದಯದ ನಾಲ್ಕು ಕೋಣೆಗಳನ್ನು ಬೆರಳು ಮಡಚಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಬೇಡ ಕಣೇ," ಎಂದಳು ಕ್ಯಾಪ್ಟನ್. "ಮಿಸ್‌ಗೆ ಆ ಐದೇ ಬೇಕು."

ಅವಳು ತಾರೀಖು ಒರೆಸಿದಳು, ಪಾಠದ ಹೆಸರು ಒರೆಸಿದಳು. ಮಾರ್ಕ್ಸಿನ ಹತ್ತಿರ ಬಂದಾಗ, ಐದರ ಬಾಲ ಕೂಡ ಅಳಿಸದ ಹಾಗೆ ಡಸ್ಟರನ್ನು ಹುಷಾರಾಗಿ ಸುತ್ತಿಸಿಕೊಂಡು ಹೋದಳು.